ಕರೆ

ಗೇರುಬೀಜ ಸುಲಿದವರ ಕೈ ನೋಡಿದ್ದೀರಾ?
ಇಪ್ಪತ್ತಾರು ವರ್ಷ ಸುಲಿದವರದು?
ಬೆರಳ ತುದಿಯಲ್ಲಿ ಕರೆ.
ಸೋಪಿಗೆ ಹೋಗುವುದಿಲ್ಲ, ಸೀಮೆಎಣ್ಣೆಗೆ ಹೋಗುವುದಿಲ್ಲ,
ಇಗರ್ಜಿಯ ಬಾಗಿಲಲ್ಲಿಟ್ಟ ತೀರ್ಥಕ್ಕೂ ಜಗ್ಗುವುದಿಲ್ಲ.

ಹದಿನೇಳರಲ್ಲಿ ನಾನೂ ಹೇಳಿದ್ದೆ, ಕರೆ ಬಂದಿದೆ ಎಂದು.
ಬಲೆ ಹೆಣೆಯುತ್ತಿದ್ದ ಅಪ್ಪ ಸೂಜಿ ನಿಲ್ಲಿಸದೆ ಕೇಳಿದ:
"ಯಾರ ಮನೆಯಿಂದ?"
ಮದುವೆಯ ಕರೆ ಅಂದುಕೊಂಡಿದ್ದ.
ಕಾನ್ವೆಂಟಿನ ಮದರ್ ನನ್ನ ಎಕ್ಸರೇ ಬೆಳಕಿಗೆ ಹಿಡಿದು
ಎದೆಯಲ್ಲಿ ಚುಕ್ಕೆಯಿದೆ, ಮನೆಯಲ್ಲೇ ಇರು ಮಗಳೇ,
ದೇವರು ಎಲ್ಲೆಲ್ಲೂ ಇದ್ದಾನೆ ಅಂದರು.
ಇದ್ದ. ಗೇರು ಕಾರ್ಖಾನೆಯ ಹೊಗೆಯಲ್ಲೂ ಇದ್ದ,
ಕೆಮ್ಮುತ್ತಿದ್ದ, ನನ್ನ ಹಾಗೆ.

ಅರವತ್ತು ದಾಟಿದ ಮೇಲೆ ಮತ್ತೆ ಕರೆದರೆ ಏನು ಹೇಳುವುದು?
ಬೆಳಕಿಲ್ಲ, ರೆಕ್ಕೆಯ ಸಪ್ಪಳವಿಲ್ಲ.
ಬೈತಖೋಲ ಬಂದರಿನ ಹಿಂದೆ, ಐಸ್ ಕಾರ್ಖಾನೆಯ ಗೋಡೆಗೆ
ಆತುಕೊಂಡ ನೀಲಿ ತಾಡಪಾಲಿನ ಕೆಳಗೆ
ಒಬ್ಬಳು ಬಂಗಡೆಯ ತಲೆಗಳನ್ನು ತೊಳೆಯುತ್ತಿದ್ದಳು.
ಬರೀ ತಲೆ. ಮೈಯೆಲ್ಲ ಲಾರಿ ಹತ್ತಿ ಗೋವೆಗೆ ಹೋಗಿತ್ತು.
ಮೂರು ಮಕ್ಕಳು. ಒಂದು ತಟ್ಟೆ.
ಚಿಕ್ಕದು ಐಸಿನ ಚೂರು ಚೀಪುತ್ತಿತ್ತು,
ಮೀನಿನ ಮೇಲಿಂದ ಜಾರಿದ ಐಸು, ಅಂಚಿನಲ್ಲಿ ಕೆಂಪು.

ಅಷ್ಟೇ.
ಆ ರಾತ್ರಿ ತೇರ್ಸು ಹೇಳುವಾಗ ಲೆಕ್ಕ ತಪ್ಪಿತು.
ಮಣಿಯೆಂದು ಹಿಡಿದದ್ದೆಲ್ಲ ತಣ್ಣಗೆ ಕರಗುತ್ತಿತ್ತು.
"ಸ್ವಾಮೀ, ತಪ್ಪು ಮನೆ ತಟ್ಟಿದ್ದೀಯ," ಅಂದೆ.
"ಮುಂದಿನ ಓಣಿಯಲ್ಲಿ ಡಾಕ್ಟರ್ ಬಾಯಿ ಇದ್ದಾರೆ, ಕಾರಿದೆ.
ನನಗೆ ಪೆನ್ಶನ್ ಸಾವಿರದ ಇನ್ನೂರು, ಮೊಣಕಾಲು ಎರಡೂ ಹಾಳು."
ಅವನು ವಾದಕ್ಕೆ ಬರಲಿಲ್ಲ.
ಯಾವತ್ತೂ ಬರುವುದಿಲ್ಲ, ಅದೇ ಅವನ ಕೆಟ್ಟ ಗುಣ.

ಕಡಲ ದಂಡೆಗೂ ಹಿಂದೆ ಕರೆ ಎನ್ನುತ್ತಿದ್ದರಂತೆ,
ಏಳನೆಯ ಇಯತ್ತೆಯಲ್ಲಿ ಮಾಸ್ತರರು ಹೇಳಿದ್ದು.
ಅವಳಿರುವುದು ಅಲ್ಲೇ, ನೀರೂ ಅಲ್ಲದ ನೆಲವೂ ಅಲ್ಲದಲ್ಲಿ,
ಸರ್ವೆ ನಂಬರಿಲ್ಲದ ಆರು ಮೊಳದಲ್ಲಿ.

ಬೆಳಿಗ್ಗೆ ಕುಚ್ಚಿಗೆಯಕ್ಕಿ ಗಂಜಿ, ಒಣ ಸೀಗಡಿ ಚಟ್ನಿ.
ಬಸ್ಸಿಗೆ ಕಾಸಿತ್ತು, ಆದರೂ ನಡೆದೆ.
ಪುಣ್ಯ ಒಂದಿಷ್ಟು ಜಾಸ್ತಿಯಾಗಲಿ ಎಂಬ ಆಸೆಯಿತ್ತೆಂದು
ಇಲ್ಲಿ ಒಪ್ಪಿಕೊಳ್ಳುತ್ತೇನೆ. ಪಾದ್ರಿಗೆ ಹೇಳಿಲ್ಲ.

ಹುಲಿಗೆಮ್ಮ ಅಂತ ಹೆಸರು. ಕುಷ್ಟಗಿ ಕಡೆಯವಳು.
ಗಂಡ ಬೋಟು ಹತ್ತಿದವನು
ಮಲ್ಪೆಯಲ್ಲೋ ರತ್ನಾಗಿರಿಯಲ್ಲೋ ಇಳಿದುಬಿಟ್ಟ.
ಡಬ್ಬಿ ನೋಡಿದಳು, ನನ್ನ ಕೊರಳ ಶಿಲುಬೆ ನೋಡಿದಳು.
"ಯಾರ್ ಕಳಿಸ್ಯಾರ ನಿನ್ನ?"
ಹೆಸರು ಹೇಳಿದರೆ ವ್ಯಾಪಾರವಾಗುತ್ತದೆ,
ಹೇಳದಿದ್ದರೆ ಸುಳ್ಳಾಗುತ್ತದೆ.
"ಗಂಜಿ ಜಾಸ್ತಿ ಆಗಿತ್ತು," ಅಂದೆ.
ನಕ್ಕಳು. "ನಾಕ್ ಮಂದೀದು ಹೆಂಗ ಜಾಸ್ತಿ ಆಗತೈತಬೇ ಯಮ್ಮಾ?"

ಗೋಣಿ ಹಾಸಿದಳು. ಪಾತ್ರೆಯ ಮುಚ್ಚಳದಲ್ಲಿ
ಎರಡು ತಲೆ, ಕೆಂಪು ಸಾರು, ನನ್ನ ಮುಂದೆ.
ನಾನು ಉಪವಾಸ ಹಿಡಿದಿದ್ದ ಶುಕ್ರವಾರ.
ತಿಂದೆ. ಕಣ್ಣಿನ ಸುತ್ತಲ ಮಾಂಸ
ಅಷ್ಟು ರುಚಿಯೆಂದು ಗೊತ್ತೇ ಇರಲಿಲ್ಲ.

ಆಮೇಲೆ ಏನೂ ಬದಲಾಗಲಿಲ್ಲ.
ನಗರಸಭೆಯವರು ಎರಡು ಸಲ ತಾಡಪಾಲು ಕಿತ್ತರು,
ಎರಡು ಸಲ ಕಟ್ಟಿದೆವು, ಗಂಟು ನನ್ನದು, ಅಪ್ಪ ಕಲಿಸಿದ್ದು.
ನಡುವಿನ ಹುಡುಗಿ ದ್ಯಾಮವ್ವ ಕೆಮ್ಮತೊಡಗಿದಳು,
ಆ ಕೆಮ್ಮಿನ ಗುರುತು ನನಗೆ ಚೆನ್ನಾಗಿ ಇತ್ತು.

ಇವತ್ತು ಜಿಲ್ಲಾಸ್ಪತ್ರೆಯ ಎಕ್ಸರೇ ಕೋಣೆಯ ಹೊರಗೆ
ನನ್ನ ಬೆರಳು ಹಿಡಿದು ಉಗುರಲ್ಲಿ ಕೆರೆಯುತ್ತಾಳೆ.
"ಅಜ್ಜಿ, ಇದು ಹೋಗಂಗಿಲ್ಲೇನು?"
ಇಲ್ಲ ಮಗಾ.
ಒಳಗಿನಿಂದ ಹದಿನೆಂಟನೆಯವರನ್ನು ಕರೆಯುತ್ತಿದ್ದಾರೆ.
ನಮ್ಮದು ನಲವತ್ತೊಂದು.