ತೋಳಿನ ಗುಂಡಿ

ಡಾಕ್ಟರೇ, ನಾನು ಮೊಬೈಲಿನಲ್ಲಿ ಏನೇನೋ ಓದಿಕೊಂಡು
ನಿಮ್ಮ ಹೊತ್ತು ಕೆಡಿಸಲು ಬಂದವಳಲ್ಲ.
ಹಡಗುಕಟ್ಟೆಯ ಕಚೇರಿಯಲ್ಲಿ ಕಂಟೇನರುಗಳ ಲೆಕ್ಕ ಬರೆಯುವವಳು,
ಒಂದಕ್ಕೊಂದು ಕೂಡಿದರೆ ಎರಡೆಂದು ಒಪ್ಪುವವಳು.
ಇಪ್ಪತ್ತೊಂಬತ್ತನೆಯ ವಾರ. ನಾಯಿಕೆಮ್ಮಿನ ಲಸಿಕೆ.
ಕರಪತ್ರ ಓದಿದ್ದೇನೆ. ಎರಡು ಸಲ ದಿನ ಕೊಟ್ಟಿರಿ,
ಎರಡು ಸಲವೂ ಬಸ್ಸು ತಪ್ಪಿತೆಂದೆ.
ಸುಳ್ಳು. ಬ್ರೆಮರ್‌ಹಾಫೆನ್ನಿನಲ್ಲಿ ಬಸ್ಸು ತಪ್ಪುವುದಿಲ್ಲ,
ನಾವೇ ತಪ್ಪಿಸಿಕೊಳ್ಳುತ್ತೇವೆ.

ಹೊರಗೆ ಬೆಂಚಿನ ಮೇಲೆ ಕೂತಿದ್ದಾರಲ್ಲ,
ನೀಲಿ ಕೋಟು, ತೋಳೆರಡೂ ಮಡಚಿ ಹೊಲಿದದ್ದು,
ಅವರು ನನ್ನಮ್ಮ. ಆನ್ನೆಗ್ರೆಟ್.
ಹುಟ್ಟಿದ್ದು ಅರವತ್ತೊಂದರ ಮಾರ್ಚಿನಲ್ಲಿ.
ಭುಜ ಮುಗಿದಲ್ಲೇ ಬೆರಳು ಶುರು,
ಬಲಕ್ಕೆ ಮೂರು, ಎಡಕ್ಕೆ ಎರಡು.
ನಡುವಿನದನ್ನೆಲ್ಲ ಮಾತ್ರೆ ನುಂಗಿತ್ತು.

ಅಜ್ಜಿ ಒಟೀಲಿಯೆಗೆ ಅದರ ಹಿಂದಿನ ಬೇಸಗೆ ನಿದ್ದೆಯಿಲ್ಲ,
ಕಿಟಕಿಯ ಕೆಳಗೆ ರಾತ್ರಿಯಿಡೀ ಮೀನು ಇಳಿಸುವ ಗದ್ದಲ.
ಪಕ್ಕದ ಮನೆಯಾಕೆ ಕೊಟ್ಟಳು. ಕಳ್ಳಮಾಲಲ್ಲ, ಅಂಗಡಿಯದ್ದೇ,
ಡಾಕ್ಟರ ಚೀಟಿ ಬೇಕಿಲ್ಲ, ಸಕ್ಕರೆಯ ಹಾಗೆ ಸಿಗುತ್ತಿತ್ತಂತೆ.
ಡಬ್ಬಿಯೊಳಗಿನ ಕಾಗದದಲ್ಲಿ ಒಂದು ಪದ: ನಿರಪಾಯ.
ಬಸುರೆಂದು ಅಜ್ಜಿಗೇ ಇನ್ನೂ ಗೊತ್ತಿರಲಿಲ್ಲ.
ಎರಡು ರಾತ್ರಿ, ಎರಡು ಮಾತ್ರೆ.
ಚೆನ್ನಾಗಿ ನಿದ್ದೆ ಬಂತು, ಅನ್ನುತ್ತಿದ್ದಳು ಆಮೇಲೆ,
ಅದೇ ನೋಡು ಸಂಕಟ, ಎಷ್ಟು ಚೆನ್ನಾಗಿ ಬಂತು ಅಂತ.

ನಲವತ್ತು ವರ್ಷ, ಹಲ್ಲು ಕೀಳಿಸಿದಾಗಲೂ,
ಒಂದು ಗುಳಿಗೆ ಮುಟ್ಟಲಿಲ್ಲ.
ನನಗೆ ಜ್ವರ ಬಂದರೆ ಮೀನಖಂಡಕ್ಕೆ ತಣ್ಣೀರ ಬಟ್ಟೆ,
ಕೆಮ್ಮಿದರೆ ಈರುಳ್ಳಿ ರಸಕ್ಕೆ ಸಕ್ಕರೆ.
ನಮ್ಮ ಮನೆಯಲ್ಲಿ ಭಯವೆಂದರೆ ಬೆಳ್ಳಿಯ ಚಮಚಗಳ ಹಾಗೆ:
ಅಜ್ಜಿ ಸತ್ತಾಗ ಪಾಲಿಗೆ ಬಂತು,
ಉಜ್ಜಿ ಉಜ್ಜಿ ಇಟ್ಟುಕೊಂಡಿದ್ದೇನೆ.

ಈಗ ನೀವು ಹೇಳಿ.
ಆದರೆ ಆ ಪದ ಮಾತ್ರ ಬೇಡ.

*

ಹೇಳಲಿಲ್ಲ ಆ ಪದ.
ತೋಳು ಎರಡು ದಿನ ನೋಯುತ್ತದೆ ಎಂದರು,
ಜ್ವರ ಬಂದರೂ ಬರಬಹುದು.
ಎಷ್ಟೋ ಬಸುರಿಯರಿಗೆ ಕೊಟ್ಟು, ವರ್ಷಗಟ್ಟಲೆ
ಅವರ ಕೂಸುಗಳನ್ನು ಒಂದೊಂದಾಗಿ ಎಣಿಸಿ ನೋಡಿದ್ದಾರೆ ಎಂದರು.
ಅಂದು ಯಾರೂ ಎಣಿಸಿರಲಿಲ್ಲ.
ನಿಮ್ಮಮ್ಮನಂಥವರು ಹುಟ್ಟಿದ ಮೇಲಲ್ಲವೇ
ನಾವು ಎಣಿಸುವುದು ಕಲಿತದ್ದು.
ಮತ್ತೆ ಒಂದು ಮಗುವಿನ ಮಾತು ತೆಗೆದರು, ಐದು ವಾರದ್ದು,
ಕೆಮ್ಮಲೂ ಬಾರದೆ ನೀಲಿಗಟ್ಟಿದ್ದು.
ಅರ್ಧಕ್ಕೇ ನಿಲ್ಲಿಸಿದರು, ಹೆದರಿಸಬೇಕೆಂದಲ್ಲ ಎನ್ನುತ್ತ.
ಹೆದರಿದೆ.
ಇದು ಬೇರೆ ಹೆದರಿಕೆ, ಹೊಸದು, ಇನ್ನೂ ಉಜ್ಜದ್ದು.

ಅಮ್ಮನನ್ನು ಕರೆದೆ.
ಬಾಗಿಲನ್ನು ಸೊಂಟದಿಂದ ನೂಕಿ ಬಂದಳು.
ಕಳೆದ ವರ್ಷ ನೀನೂ ಹಾಕಿಸಿಕೊಂಡೆಯಲ್ಲ, ತೋಳು ನೋಯಿತೇ?
ತೊಡೆಗೆ ಹಾಕಿದರು, ತೋಳೆಲ್ಲಿದೆ ನನಗೆ, ಅಂದಳು.
ನಕ್ಕಳು. ನಗಲೋ ಬೇಡವೋ ತಿಳಿಯದೆ
ಡಾಕ್ಟರು ಕಿಟಕಿಯ ಪರದೆ ಸರಿಮಾಡಿದರು.
ಆಮೇಲೆ ನಗದೆ ಅಂದಳು:
ನನ್ನ ಹೆಸರು ಹೇಳಿ ಬೇಡ ಅನ್ನಬೇಡ, ವೀಬ್ಕೆ.
ಬೇಡವೆಂದರೆ ನಿನ್ನ ಹೆಸರಲ್ಲೇ ಅನ್ನು.
ನಾನು ಬದುಕಿರುವವಳು,
ರಸ್ತೆತಿರುವಿನ ಎಚ್ಚರಿಕೆಯ ಫಲಕವಲ್ಲ.

ಗಡಿಯಾರದಲ್ಲಿ ಹತ್ತೂ ಇಪ್ಪತ್ತು. ವೇಸರ್ ನದಿಯಲ್ಲಿ
ಯಾವುದೋ ಹಡಗು ಮಂಜಿಗೆ ಕೂಗಿತು.
ಹೊಟ್ಟೆಯೊಳಗಿನದು ಒದೆಯಿತು. ಒಪ್ಪಿಗೆಯೆಂದಲ್ಲ,
ಅದು ದಿನವೂ ಈ ಹೊತ್ತಿಗೆ ಒದೆಯುತ್ತದೆ.

ತೋಳಿನ ಗುಂಡಿಗೆ ಕೈಹಾಕಿದೆ. ಹತ್ತು ಬೆರಳಿದ್ದೂ
ಒಂದೂ ಮಾತು ಕೇಳಲಿಲ್ಲ.
ಅಮ್ಮ ಬಗ್ಗಿದಳು.
ನಾನು ಒಂದನೆಯ ತರಗತಿಗೆ ಹೊರಡುವಾಗ
ಹೇಗೆ ಹಾಕುತ್ತಿದ್ದಳೋ ಹಾಗೇ, ಹಲ್ಲಿನಿಂದ,
ಬಿಚ್ಚಿದಳು.
ಮಣಿಕಟ್ಟಿಗೆ ಅವಳ ಉಸಿರು ಬೆಚ್ಚಗೆ ತಾಕಿತು.

ನಾನಿನ್ನೂ ಹೂಂ ಅಂದಿಲ್ಲ, ಅಂದೆ.
ಗೊತ್ತು, ಅಂದಳು,
ತುಟಿಯಲ್ಲಿ ದಾರದ ಒಂದು ಎಳೆ.