ಮೂರೂವರೆ ನಂಬರಿನ ಬೂಟು

ಮಂಗಳವಾರ, ಮಧ್ಯಾಹ್ನ ಮೂರೂಮುಕ್ಕಾಲು.
ಗ್ರಿಮ್ಸ್‌ಬಿಯ ಗಾಳಿ ಬಾಗಿಲ ಗಂಟೆಯನ್ನು
ಗಿರಾಕಿ ಇಲ್ಲದೆಯೂ ಬಾರಿಸುತ್ತಿತ್ತು.
ನಾನು ಸತ್ತವರ ಕೋಟುಗಳಿಗೆ
ಬೆಲೆಚೀಟಿ ಚುಚ್ಚುತ್ತ ಕೂತಿದ್ದೆ.

ಅವನಿಗಿಂತ ಮೊದಲು ಅವನ ವಾಸನೆ ಬಂತು:
ಹ್ಯಾಡಕ್ ಮೀನು, ಬ್ಲೀಚು, ಮತ್ತೆ ಹ್ಯಾಡಕ್.
ಕಾರ್ಖಾನೆಯ ಬಿಳಿ ರಬ್ಬರ್ ಬೂಟು ಇನ್ನೂ ಕಾಲಲ್ಲೇ.
ಹಿಂದೆ ಮಗಳು, ಹನ್ನೊಂದು ವರ್ಷ,
ಇವನು ತನಗೆ ಏನೂ ಆಗಬೇಕಾಗಿಲ್ಲ ಎಂಬಂತೆ
ಹಳೆಯ ಜಿಗ್‌ಸಾ ಡಬ್ಬಗಳ ಹತ್ತಿರ ನಿಂತಳು.

ನಾಲ್ಕಾಗಿ ಮಡಚಿದ ಕಾಗದ ಬಿಚ್ಚಿ ಮುಂದಿಟ್ಟ.
ಶಾಲೆಯ ಪಟ್ಟಿ:
ಲಾಂಛನವಿರುವ ಕಡುನೀಲಿ ಅಂಗಿ,
ಲಾಂಛನವಿರುವ ಚಡ್ಡಿ,
ಮೊಣಕಾಲುದ್ದದ ಕಾಲುಚೀಲ, ಹಳದಿ ಪಟ್ಟೆ ಎರಡು, ಒಂದಲ್ಲ,
ಕಣಕಾಲಿಗೊಂದು ಕಾಪು, ಹಲ್ಲಿಗೊಂದು ಕಾಪು,
ಮೊಳೆಯಿರುವ ಬೂಟು.
ಜೇಬಿಗೆ ಯಾವ ಕಾಪನ್ನೂ ಬರೆದಿರಲಿಲ್ಲ.

ಕಾಗದದ ಬೆನ್ನಿಗೆ ಪೆನ್ಸಿಲಿನಲ್ಲಿ ಅವನ ಲೆಕ್ಕ.
ಕೂಡಿ, ಕಾಟುಹೊಡೆದು, ಮತ್ತೆ ಕೂಡಿ,
ಎಷ್ಟು ಸಲ ಕೂಡಿದರೂ
ತೊಂಬತ್ತನಾಲ್ಕು ಪೌಂಡಿಗಿಂತ ಕೆಳಗಿಳಿಯದ ಮೊತ್ತ.
"ಬರೀ ಲಾಂಛನಕ್ಕೇ ಹನ್ನೊಂದು ಹೆಚ್ಚು," ಅಂದ.
"ಅದೂ ಒಂದು ಬಾತುಕೋಳಿ."
"ಹಂಸ," ಅಂದಳು ಮಗಳು, ಜಿಗ್‌ಸಾ ಕಡೆಯಿಂದ.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು, ಸರಿ.
ಹನ್ನೊಂದರ ಕಾಲು ಹಾಸಿಗೆಯನ್ನು ಕೇಳಿ ಬೆಳೆಯುತ್ತದೆಯೇ?
ಈಸ್ಟರಿಗೆ ಎರಡೂವರೆ, ಆಗಸ್ಟಿಗೆ ಮೂರೂವರೆ.

ನನಗೂ ಒಂದು ಕಾಲದಲ್ಲಿ
ಅಣ್ಣ ರೆಜಿಯ ಕ್ಯಾನ್ವಾಸ್ ಜೋಡೇ ಗತಿ.
ತುದಿಗೆ ಪೇಪರು ತುರುಕಿ ನೆಟ್‌ಬಾಲ್ ಆಡುತ್ತಿದ್ದೆ;
ಓಡಿದರೆ ಹಳೆಯ ಸುದ್ದಿಯೆಲ್ಲ ಸರಪರ ಅನ್ನುತ್ತಿತ್ತು.
ಅದನ್ನು ಅವನಿಗೆ ಹೇಳಲಿಲ್ಲ.
ಮುದುಕಿಯ ಬಡತನದಿಂದ
ಯಾರ ಮೊತ್ತವೂ ಕಮ್ಮಿಯಾಗುವುದಿಲ್ಲ.

ಹಿಂದಿನ ಕೋಣೆಯ ಚೀಲದಿಂದ ತೆಗೆದೆ:
ಕಪ್ಪು ಬೂಟು, ಮೂರೂವರೆ, ನಾಲಿಗೆಯ ಒಳಗೆ
ದಪ್ಪ ಶಾಯಿಯಲ್ಲಿ, ಆರ್. ಪಿಕರಿಂಗ್.
ಅವಳು ಜಿಗ್‌ಸಾ ಬಿಟ್ಟು ಬಂದಳು.
"ಪಿಕರಿಂಗ್ ಚೆನ್ನಾಗಿ ಆಡ್ತಿದ್ದನಾ?"

ಪಿಕರಿಂಗ್ ತಾಯಿ ಚೀಲ ತಂದ ದಿನ
ಬಾಗಿಲಲ್ಲೇ ಅಂದಿದ್ದಳು: ಆಟದ ದಿನ ಬಂದರೆ ಸಾಕು
ಅವನಿಗೆ ಹೊಟ್ಟೆನೋವು. ಈಗ ಟ್ರೊಂಬೋನ್ ಊದುತ್ತಾನೆ.
ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು,
ಹ್ಯಾಟ್ರಿಕ್ಕು, ಬೆಳ್ಳಿಯ ಬಟ್ಟಲು.
ನುಂಗಿಕೊಂಡೆ. ಬೂಟು ಮಗುಚಿ ಮೊಳೆ ತೋರಿಸಿದೆ.
"ನೋಡು, ಒಂದೂ ಸವೆದಿಲ್ಲ.
ಇವು ಇನ್ನೂ ಆಡೇ ಇಲ್ಲ."

"ನಾನೂ," ಅಂದಳು.

"ಯಾವ ಕಾಲಲ್ಲಿ ಒದೀತೀಯ?"
ಎರಡೂ ಕಾಲು ನೋಡಿಕೊಂಡಳು,
ಈಗಷ್ಟೇ ಯಾರೋ ಕೊಟ್ಟುಹೋದ ಹಾಗೆ.
"ಗೊತ್ತಿಲ್ಲ."

ನಾಲ್ಕು ಪೌಂಡ್. ಚಿಲ್ಲರೆಯನ್ನು ಸಾಲಾಗಿ ಇಟ್ಟ;
ಮೀನು ಜೋಡಿಸಿ ರೂಢಿಯಾದ ಕೈ,
ಎಲ್ಲ ನಾಣ್ಯದ ತಲೆಯೂ ಒಂದೇ ಕಡೆಗೆ.
ಕಾಲುಚೀಲ ಸಂತೆಯಲ್ಲಿ ತಗೊಳ್ತೀನಿ ಅಂದ,
ಸಾದಾ ನೀಲಿ, ಎರಡು ಪೌಂಡಿಗೆ ಮೂರು ಜೊತೆ.
ಪಟ್ಟೆಗೆ?
ಬುಟ್ಟಿಯಲ್ಲಿ ಹಳದಿ ಉಣ್ಣೆ ಇತ್ತು,
ಯಾರೋ ಅರ್ಧಕ್ಕೇ ನಿಲ್ಲಿಸಿದ ಕೂಸಿನ ಟೊಪ್ಪಿಗೆ.
ಎಳೆದು ಬಿಚ್ಚಿ ಉಂಡೆ ಸುತ್ತಿಕೊಟ್ಟೆ.
"ಹಂಸಕ್ಕೂ ಸಾಲುತ್ತಾ?"
"ಕೊಕ್ಕಿಗೆ ಸಾಕು."
ಆಗ ನಕ್ಕ. ಅವಳು ನಗಲಿಲ್ಲ;
ಬೂಟಿನ ದಾರ ಬಿಗಿಯುತ್ತಿದ್ದಳು.

ಜೂನ್. ಬೆಳಿಗ್ಗೆ ಬಾಗಿಲ ಹೊರಗೆ
ಯಾರೋ ಇಟ್ಟುಹೋದ ಚೀಲ. ಒಳಗೆ ಅದೇ ಬೂಟು.
ಪಿಕರಿಂಗ್ ಹೆಸರಿನ ಕೆಳಗೆ, ಅದನ್ನು ಅಳಿಸದೆ,
ಮಾರ್ನಿ ಸ್ಟಾಕ್ಸ್ ಎಂದು ಇನ್ನೊಂದು.
ಹರಿದದ್ದು ಚಿಂದಿಯ ಪೆಟ್ಟಿಗೆಗೆ, ಅದು ಇಲ್ಲಿಯ ನಿಯಮ.
ಹಾಕುವ ಮೊದಲು ಕನ್ನಡಕ ಏರಿಸಿ ನೋಡಿದೆ:
ಬಲದ್ದು ಇನ್ನೂ ಒಂದು ವರ್ಷ ತಾಳುವಂತಿತ್ತು.
ಎಡದ್ದರ ಮೂತಿ ಒಡೆದು
ಹ್ಯಾಡಕ್‌ನಂತೆ ಬಾಯಿ ಬಿಟ್ಟಿತ್ತು.

"ಎಡಗಾಲು," ಅಂದೆ ಗಟ್ಟಿಯಾಗಿ,
ಕೋಟುಗಳಿಗೆ.