ಖಾಲಿ ಕುರ್ಚಿ

ಹನ್ನೊಂದು ಸೇತುವೆ, ನಾಲ್ಕು ತೂಬುಬಾಗಿಲು, ಒಂದೇ ಕಾಲುವೆ.
ಫ್ರೀಸ್‌ಲ್ಯಾಂಡಿನ ಚಪ್ಪಟೆ ಆಕಾಶದ ಕೆಳಗೆ
ಹದಿನೈದು ಏಜೆಂಟುಗಳನ್ನು ಕೂರಿಸಿದಳು ವೀತ್ಸ್ಕೆ,
ಒಂದೊಂದಕ್ಕೂ ಒಂದೊಂದು ತಲೆ.

ಒಂದಕ್ಕಿಂತ ಒಂದು ಜಾಣ.
ಗಾಳಿ ಓದುತ್ತಿದ್ದವು, ನೀರು ಅಳೆಯುತ್ತಿದ್ದವು,
ಬರುವ ದೋಣಿಯ ಹೊಟ್ಟೆಯಲ್ಲಿ ಮರಳೋ ಬೀಟ್‌ರೂಟೋ
ಅದು ಮುಳುಗಿರುವ ಆಳದಿಂದಲೇ ಹೇಳುತ್ತಿದ್ದವು.
ಸೌಜನ್ಯವನ್ನೂ ಕಲಿಸಿದ್ದಳು.
ಅದೇ ಎಡವಟ್ಟಾಯಿತು.

ಮೊದಲ ಮಂಗಳವಾರ, ಬೆಳಗಿನ ಆರೂ ಹತ್ತು.
ಬೀಟ್‌ರೂಟಿನ ದೋಣಿ ಮೂರನೇ ಸೇತುವೆಯ ಮುಂದೆ.
ನೀನು ತೆರೆ, ಆಮೇಲೆ ನಾನು, ಎಂದಿತು ಮೂರು.
ಛೆ ಛೆ, ನೀನೇ ಮೊದಲು, ಎಂದಿತು ನಾಲ್ಕು.
ಇಬ್ಬರನ್ನೂ ಕೇಳಿ ಹೇಳುತ್ತೇನೆ, ಎಂದಿತು ಐದು.
ನಾಲ್ಕು ಸಾವಿರದ ಇನ್ನೂರು ಸಂದೇಶ,
ಎಲ್ಲವೂ ವಿನಯದವೇ;
ಒಂದು ಹಲಗೆಯೂ ಮೇಲೇಳಲಿಲ್ಲ.
ದೋಣಿಯವನು ತಂಬಾಕು ಸುತ್ತಿ ಸುತ್ತಿ ಸಂಚಿ ಬರಿದು ಮಾಡಿದ.
ಎಂಟೂವರೆಗೆ ಸೈಕಲ್ಲಿನ ಶಾಲೆ ಮಕ್ಕಳು
ಸೇತುವೆಯ ಮೇಲಿಂದ ಕೈಬೀಸಿ ಹೋದರು.

ಇನ್ನಷ್ಟು ಬುದ್ಧಿ ತುಂಬೋಣ, ಎಂದೆ ನಾನು,
ಹಿಡ್ಡೆ, ತಪ್ಪು ಹುಡುಕುವುದೇ ಸಂಬಳದ ಕೆಲಸವಾದವನು.
ಅವಳು ಕಾರಿನ ಕೀ ತೆಗೆದುಕೊಂಡಳು.

ಯೆಲ್ಟೆ ಮೂವತ್ತೊಂದು ವರ್ಷ
ನಾಲ್ಕನೇ ಸೇತುವೆ ಕಾದವನು.
ಕಾಫಿ ಕೊಟ್ಟ. ತಲೆಗೊಂದು ಬಿಸ್ಕತ್ತು. ಡಬ್ಬಿ ಮುಚ್ಚಿದ.
'ನಾನೆಲ್ಲಿಯ ಜಾಣ? ಕುರ್ಚಿ ಜಾಣ.
ರಾತ್ರಿ ಪಾಳಿಗೆ ಯಾರು ಕೂತರೂ
ಕೀಲಿಕೈ ಅವನದು, ಪುಸ್ತಕ ಅವನದು,
ಮೇಲಿನ ಸೇತುವೆಗೆ ಗಂಟೆ ಬಾರಿಸುವ ಹೊಣೆ ಅವನದು.
ಎದ್ದ ಮೇಲೆ ಒಂದೂ ಅವನದಲ್ಲ.
ಕಂಠಮಟ್ಟ ಕುಡಿದ ದಿನ ನನ್ನ ಬದಲು ಭಾವಮೈದುನ ಕೂತಿದ್ದ.
ಸೇತುವೆಗೆ ಗೊತ್ತೇ ಆಗಲಿಲ್ಲ.'

ಅಂದು ರಾತ್ರಿ ಬಿಳಿಹಲಗೆಯಿಂದ
ಹದಿನೈದು ತಲೆಗಳನ್ನೂ ಒರೆಸಿ
ಬರೇ ಕುರ್ಚಿ ಬರೆದಳು ವೀತ್ಸ್ಕೆ.
ತೆರೆಯುವ ಕುರ್ಚಿ. ನೀರು ಕಾಯುವ ಕುರ್ಚಿ.
ದೋಣಿಗಳ ಸಾಲು ಹಚ್ಚುವ ಕುರ್ಚಿ, ಅದರ ಮಾತು ಉಳಿದೆರಡಕ್ಕೆ ಆಜ್ಞೆ.
ಕಾಲಿಗೆ ಕಟ್ಟುಪಾಡು, ಕೈಗೆ ಹಕ್ಕು,
ತಪ್ಪಿದರೆ ಏನು ದಂಡ, ಯಾರು ವಿಧಿಸಬೇಕು.
ಒಂದೇ ತಲೆ ಎರಡು ಕಡೆ ಕೂರಬಹುದೆ? ಕೇಳಿದೆ.
'ಕೂರಲಿ. ತೆರೆಯುವವನೇ ತನಿಖೆಯವನಾಗದಿದ್ದರೆ ಸಾಕು.'
ಯಾರು ಕೂರುವುದು ಮತ್ತೆ?
'ಯಾರಾದರೂ,' ಎಂದಳು, ಬಾಯಲ್ಲಿ ಪೆನ್ನಿನ ಮುಚ್ಚಳ.

ನವೆಂಬರಿನ ಬಿರುಗಾಳಿಗೆ ಏಳನೆಯದು ಮಾತು ನಿಲ್ಲಿಸಿತು.
ಎರಡು ಸೆಕೆಂಡಿನಲ್ಲಿ ಆರನೆಯದು ಬಂದು
ಬೆಚ್ಚಗಿರದ ಆ ಕುರ್ಚಿಯಲ್ಲಿ ಕೂತು
ಬಾಕಿ ಹೊಣೆಯನ್ನೆಲ್ಲ ತನ್ನ ಲೆಕ್ಕಕ್ಕೆ ಬರೆದುಕೊಂಡಿತು.
ಹೋದದ್ದಕ್ಕೆ ಅಳುವವರಿಲ್ಲ; ದಾಖಲೆಯಲ್ಲಿ ಒಂದು ಸಾಲು.
ದೋಣಿಗಳು ಹೋಗುತ್ತಲೇ ಇದ್ದವು.

ಯೆಲ್ಟೆಯನ್ನು ಕರೆದು ತೋರಿಸಿದೆವು.
ಪರದೆಯನ್ನು ನೋಡಿದ, ಟೋಪಿ ತೆಗೆದು ನೋಡಿದ,
'ಮರದ ಚಪ್ಪಲಿ ಎಲ್ಲಿ?' ಎಂದ.
ಸುಂಕಕ್ಕೆಂದು ಗಾಳದ ಕೋಲಿಗೆ ಕಟ್ಟಿ
ಸೇತುವೆಯಿಂದ ದೋಣಿಗೆ ಇಳಿಬಿಡುತ್ತಿದ್ದ ಚಪ್ಪಲಿ.
ವಿಧವೆ ಔಕ್ಯೆಯ ಹಾವುಮೀನಿನ ದೋಣಿ ಬಂದಾಗ ಮಾತ್ರ
ದಾರ ಸಿಕ್ಕಾಗಿದೆ ಎಂಬಂತೆ ತಲೆ ತಗ್ಗಿಸಿ
ಬಿಡಿಸುತ್ತ ಕೂರುತ್ತಿದ್ದನಂತೆ,
ಅವಳು ದಾಟುವ ತನಕ.
'ಅದು ಯಾವ ಕುರ್ಚಿಯ ಕೆಲಸ?'

ವೀತ್ಸ್ಕೆ ಸುಮ್ಮನಿದ್ದಳು. ನಾನೇ ಬಾಯಿ ಹಾಕಿದೆ:
ನಿಯಮ ಬರೆದರಾಯಿತು. ಹಾವುಮೀನಿನವರಿಗೆ ಸುಂಕವಿಲ್ಲ.
ಮುದುಕ ಕೆಮ್ಮು ಬರುವಷ್ಟು ನಕ್ಕ.
'ಬರೆ. ನಾಳೆಯಿಂದ ಊರೆಲ್ಲ ಹಾವುಮೀನಿನವರೇ.'

ನಕ್ಷೆಯ ಮೂಲೆಯಲ್ಲಿ ಒಂದು ಕುರ್ಚಿ ಇದೆ ಈಗ.
ಹಕ್ಕಿಲ್ಲ, ಹೊಣೆಯಿಲ್ಲ, ಹೆಸರೂ ಇಲ್ಲ.
ಯಾಕೆ ಬರೆದಳೋ, ಅವಳನ್ನು ಕೇಳಲಿಲ್ಲ.
ದಿನಾ ನಡುರಾತ್ರಿ ಅದರದೊಂದು ಹಳದಿ ಸಾಲು:
ಪಾತ್ರ ಭರ್ತಿಯಾಗಿಲ್ಲ.
ಕಂಡರೆ ವರದಿ ಮಾಡಬೇಕಾದವನು ನಾನು.
ಮೂರು ವರ್ಷವಾಯಿತು.
ಏನೋ ದಾರ ಸಿಕ್ಕಾದವನ ಹಾಗೆ
ತಲೆ ತಗ್ಗಿಸುತ್ತೇನೆ.
ಸಾಲು ದಾಟಿ ಹೋಗುತ್ತದೆ.